ನಿಲುವಿಗೆ ತಕ್ಕ ಪಟ್ಟರು

ಗಾಲ್ಫ್ ಆಟವನ್ನು ಹೊರಗೆ ನಿಂತು ನೋಡುವವರ ಮನಸ್ಸನ್ನು ಸೆಳೆಯುವುದು ಚೆಂಡನ್ನು ಇನ್ನೂರು ಮುನ್ನೂರು ಗಜ ಹಾರಿಸುವ ಹೊಡೆತ. ಆದರೆ ಲೆಕ್ಕದ ಚೀಟಿಯಲ್ಲಿ ಆ ಹೊಡೆತಕ್ಕೂ, ಕುಳಿಯ ಬಳಿ ಚೆಂಡನ್ನು ಒಂದು ಗೇಣು ಉರುಳಿಸುವ ತಟ್ಟಿಗೂ ಬೆಲೆ ಒಂದೇ. ಹದಿನೆಂಟು ಕುಳಿಗಳ ಬಯಲಿಗೆ 72 ಹೊಡೆತಗಳೆಂದು ಗೊತ್ತುಮಾಡುವಾಗ, ಕುಳಿಗೆ ಎರಡರಂತೆ 36 ಹೊಡೆತಗಳನ್ನು ‘ಗ್ರೀನ್’ ಎಂಬ ನುಣುಪಾದ ಹುಲ್ಲುಹಾಸಿನ ಮೇಲಿನ ಉರುಳಿಕೆಗೇ ಮೀಸಲಿಟ್ಟಿರುತ್ತಾರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಅವರು ನಾಲ್ಕು ದಿನಗಳ ಆಟದ ಕೊನೆಗೆ ಪದಕದಿಂದ ವಂಚಿತರಾದದ್ದು ಒಂದೇ ಒಂದು ಹೊಡೆತದಿಂದ. ಉದ್ದದ ಹೊಡೆತದಲ್ಲಿ ಇತರರಿಗಿಂತ ಹಿಂದಿದ್ದ ಅವರನ್ನು ಪದಕದ ಹೊಸ್ತಿಲವರೆಗೆ ಕೊಂಡೊಯ್ದುದೂ ಗ್ರೀನ್ ಮೇಲೆ ಬಳಸುವ ಪಟ್ಟರ್ ಎಂಬ ಕೋಲೇ.

ಹೀಗಿದ್ದರೂ ಹೊಸದಾಗಿ ಆಟಕ್ಕಿಳಿದವರು ಪಟ್ಟರನ್ನು ಕೊಳ್ಳುವಾಗ ಅದರ ಹೊಳಪನ್ನೂ ಬೆಲೆಯನ್ನೂ ನೋಡುವಷ್ಟು ಶ್ರದ್ಧೆಯಿಂದ ಅಳತೆಯನ್ನು ನೋಡುವುದಿಲ್ಲ. ಅಂಗಡಿಯಲ್ಲಿ ಸಿಕ್ಕ ಕೋಲಿಗೆ ತಮ್ಮ ಮೈಯನ್ನು ಒಗ್ಗಿಸಿಕೊಳ್ಳುತ್ತಾರೆ. ಕೋಲನ್ನು ಮೈಗೆ ಒಗ್ಗಿಸುವುದೇ ಸರಿಯಾದ ಮಾರ್ಗವೆಂಬುದಕ್ಕೆ ಭೌತವಿಜ್ಞಾನದಲ್ಲಿ ಏನು ಆಧಾರವಿದೆಯೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಎಷ್ಟು ನಿಖರತೆ ಬೇಕೆಂಬುದನ್ನು ತಿಳಿಯಬೇಕು. ಕುಳಿಯ ವ್ಯಾಸ 108 ಮಿಲಿಮೀಟರು. ಎಂದರೆ ಮಧ್ಯದಿಂದ ಅಂಚಿಗೆ 54 ಮಿಲಿಮೀಟರು. ಮೂರು ಮೀಟರು ದೂರದಿಂದ ತಟ್ಟಿದ ಚೆಂಡು ಒಂದು ಡಿಗ್ರಿಯಷ್ಟು ದಿಕ್ಕು ತಪ್ಪಿದರೆ, ಸಮತಟ್ಟಾದ ನೆಲದಲ್ಲಿಯೂ ಅದು ಕುಳಿಯ ಮಧ್ಯದಿಂದ 52 ಮಿಲಿಮೀಟರು ಸರಿದಿರುತ್ತದೆ. ತೀರ ಮೆಲ್ಲಗೆ ಬಂದರೆ ಅಂಚಿನಲ್ಲಿ ಜಾರಿ ಬಿದ್ದೀತು. ತುಸು ವೇಗವಿದ್ದರೆ ಮುಂದೆ ಹೋಗುವುದೇ ನಿಶ್ಚಯ. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ತಾಡನದ ಕ್ಷಣದಲ್ಲಿ ಪಟ್ಟರಿನ ಮುಖ ತಿರುಗಿರುವ ಬಗೆ. ಒಂದು ಡಿಗ್ರಿಯೊಳಗೆ ಅದನ್ನು ಕಾಯ್ದುಕೊಳ್ಳಬೇಕಾದ ಕೈಗಳು ಬಿಗಿದುಕೊಂಡಿದ್ದರೆ, ಮೊಣಕೈಗಳು ಅಸಹಜವಾಗಿ ಮಡಿಸಿಕೊಂಡಿದ್ದರೆ, ಪ್ರತಿ ಸಲವೂ ಒಂದೇ ಬಗೆಯ ತೂಗಾಟವನ್ನು ಅವುಗಳಿಂದ ನಿರೀಕ್ಷಿಸುವಂತಿಲ್ಲ.

ಆದುದರಿಂದ ಅಳತೆಗಳಲ್ಲಿ ಮೊದಲನೆಯದು ಉದ್ದ. ಎತ್ತರದ ಆಳಿಗೆ ಉದ್ದದ ಪಟ್ಟರು, ಗಿಡ್ಡನೆಯವನಿಗೆ ಗಿಡ್ಡ ಪಟ್ಟರು ಎಂಬುದು ಅಂಗಡಿಗಳ ಸುಲಭ ಸೂತ್ರ. ಇದು ನಮಗೆ ಒಪ್ಪಿಗೆಯಾಗುವಂಥದಲ್ಲ. ಒಂದೇ ಎತ್ತರದ ಇಬ್ಬರ ತೋಳುಗಳ ಉದ್ದ ಬೇರೆ, ಸೊಂಟ ಬಗ್ಗಿಸುವ ರೀತಿ ಬೇರೆ. ಬೇಕಾದದ್ದು ತಲೆಯ ಎತ್ತರವಲ್ಲ, ಕೈಯ ಎತ್ತರ. ವಾಚಕರು ಹೀಗೆ ಪರೀಕ್ಷಿಸಬಹುದು: ಚೆಂಡಿನ ಮುಂದೆ ಸಹಜವಾಗಿ ಬಗ್ಗಿ ನಿಂತು, ತೋಳುಗಳನ್ನು ಭುಜದಿಂದ ಸಡಿಲವಾಗಿ ಇಳಿಬಿಟ್ಟು, ಅಂಗೈಗಳನ್ನು ಜೋಡಿಸಬೇಕು. ಮೂಗಿನ ಬುಡದಿಂದ ಗುಂಡು ಕಟ್ಟಿದ ದಾರವೊಂದನ್ನು ಇಳಿಬಿಟ್ಟರೆ ಅದು ಚೆಂಡಿನ ಮೇಲೆ ಅಥವಾ ಅದರಿಂದ ತುಸು ಈಚೆಗೆ ಬೀಳುವಂತಿರಬೇಕು. ಈಗ ಮೇಲಿನ ಕೈಯ ಎತ್ತರವನ್ನು ಇನ್ನೊಬ್ಬರಿಂದ ಅಳೆಯಿಸಬೇಕು. ಅದು 81 ಸೆಂಟಿಮೀಟರು ಇದ್ದು, ದಂಡವು ನೆಲದೊಡನೆ 70 ಡಿಗ್ರಿ ಕೋನ ಮಾಡುವುದಾದರೆ, 81ನ್ನು ಆ ಕೋನದ ಸೈನಿನಿಂದ ಭಾಗಿಸಿದಾಗ ಸುಮಾರು 86 ಸೆಂಟಿಮೀಟರು, ಎಂದರೆ 34 ಅಂಗುಲ ಬರುತ್ತದೆ. ಮಾರಾಟಕ್ಕಿರುವ ಪಟ್ಟರುಗಳಲ್ಲಿ 33ರಿಂದ 35 ಅಂಗುಲದವೇ ಹೆಚ್ಚು.

ದಂಡವು ನೆಲದೊಡನೆ ಮಾಡುವ ಈ ಕೋನಕ್ಕೆ ‘ಲೈ’ ಎಂದು ಹೆಸರು. ನಿಯಮದ ಪ್ರಕಾರ ದಂಡವು ಲಂಬದಿಂದ ಕನಿಷ್ಠ 10 ಡಿಗ್ರಿಯಾದರೂ ವಾಲಿರಬೇಕು. ಲೈ ತಪ್ಪಿದರೆ ಚೆಂಡಿನ ದಿಕ್ಕೇ ಕೆಡುವುದೆಂದು ಕೆಲವರು ಹೆದರಿಸುವುದುಂಟು. ಲೆಕ್ಕ ಹಾಕಿದರೆ ಭಯ ಅಷ್ಟಾಗಿ ಉಳಿಯುವುದಿಲ್ಲ. ಮುಖದ ಓರೆ 45 ಡಿಗ್ರಿಯಿರುವ ಕಬ್ಬಿಣದ ಕೋಲು 5 ಡಿಗ್ರಿ ಓರೆಯಾಗಿ ಕುಳಿತರೆ ಅದರ ಗುರಿ ಸುಮಾರು 5 ಡಿಗ್ರಿಯೇ ಪಕ್ಕಕ್ಕೆ ತಿರುಗುತ್ತದೆ. 4 ಡಿಗ್ರಿ ಓರೆಯ ಪಟ್ಟರಿನಲ್ಲಿ ಅಷ್ಟೇ ತಪ್ಪು ಮಾಡುವ ಕೇಡು ಒಂದು ಡಿಗ್ರಿಯ ಮೂರನೆಯ ಒಂದು ಭಾಗದಷ್ಟು ಮಾತ್ರ. ಆದರೂ ತಲೆಯ ಅಡಿ ನೆಲದ ಮೇಲೆ ಸಮವಾಗಿ ಕೂಡದಿದ್ದರೆ ಒಂದು ತುದಿ ಹುಲ್ಲಿಗೆ ತಾಗಿ ಮುಖವೇ ತಿರುಗೀತು.

ಮುಖದ ಈ ಓರೆಯನ್ನು ‘ಲಾಫ್ಟ್’ ಎನ್ನುತ್ತಾರೆ. ಉರುಳಿಸುವ ಕೋಲಿಗೆ ಓರೆಯೇಕೆಂದು ಕೇಳಬಹುದು. ಚೆಂಡು ತನ್ನ ಭಾರದಿಂದ ಹುಲ್ಲಿನಲ್ಲಿ ತುಸು ತಗ್ಗು ಮಾಡಿಕೊಂಡು ಕುಳಿತಿರುತ್ತದೆ. ಅದನ್ನು ಆ ತಗ್ಗಿನಿಂದ ಮೆಲ್ಲನೆ ಎತ್ತುವುದಕ್ಕೆ ಮೂರು ನಾಲ್ಕು ಡಿಗ್ರಿ ಬೇಕು. ತಟ್ಟಿದೊಡನೆ ಚೆಂಡು ಉರುಳುವುದಿಲ್ಲ, ಮೊದಲು ಜಾರುತ್ತದೆ. ಹುಲ್ಲಿನ ಘರ್ಷಣೆ ಅದರ ವೇಗವನ್ನು ತಗ್ಗಿಸುತ್ತ, ಅದೇ ಕಾಲಕ್ಕೆ ಅದನ್ನು ತಿರುಗಿಸುತ್ತ ಹೋಗುತ್ತದೆ. ಸಮಸಾಂದ್ರತೆಯ ಗೋಳವೊಂದು ತಿರುಗದೆ ಹೊರಟರೆ, ಆರಂಭದ ವೇಗದ ಏಳರಲ್ಲಿ ಐದು ಪಾಲು ಉಳಿದಾಗ ಶುದ್ಧ ಉರುಳಿಕೆ ಮೊದಲಾಗುತ್ತದೆ. ಲಾಫ್ಟ್ ಅತಿಯಾದರೆ ಚೆಂಡು ನೆಗೆಯುತ್ತದೆ. ಕಡಮೆಯಾದರೆ ನೆಲಕ್ಕೆ ಅದುಮಿಸಿಕೊಂಡು ಪುಟಿಯುತ್ತದೆ. ತಟ್ಟುವಾಗ ಕೈಗಳನ್ನು ಮುಂದೊತ್ತಿ ದಂಡವನ್ನು 2 ಡಿಗ್ರಿ ಬಾಗಿಸುವ ಅಭ್ಯಾಸವುಳ್ಳವನ ಕೈಯಲ್ಲಿ 4 ಡಿಗ್ರಿಯ ಪಟ್ಟರು 2 ಡಿಗ್ರಿಯದಾಗುತ್ತದೆ. ಅಂಥವನಿಗೆ ಹೆಚ್ಚು ಲಾಫ್ಟ್ ಬೇಕು.

ಇನ್ನು ತೂಕದ ಹಂಚಿಕೆ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದ ನಾರ್ವೆ ಮೂಲದ ಕಾರ್ಸ್ಟನ್ ಸೋಲ್ಹೈಮ್ ಎಂಬಾತ ತನ್ನ ಪಟ್ಟು ತನಗೇ ತೃಪ್ತಿಯಾಗದೆ, 1959ರಲ್ಲಿ ಕ್ಯಾಲಿಫೋರ್ನಿಯದ ತನ್ನ ಮನೆಯ ಗ್ಯಾರೇಜಿನಲ್ಲಿ ಹೊಸ ಬಗೆಯ ಪಟ್ಟರನ್ನು ರಚಿಸಿದ. ಚೆಂಡಿಗೆ ತಾಗಿದಾಗ ಅದು ಮಾಡುತ್ತಿದ್ದ ‘ಪಿಂಗ್’ ಎಂಬ ನಾದವೇ ಅದರ ಹೆಸರಾಯಿತು. ತಲೆಯ ಮಧ್ಯದ ಲೋಹವನ್ನು ತೆಗೆದು ಎರಡು ತುದಿಗಳಿಗೆ ಸೇರಿಸಿದ್ದೇ ಅವನ ಯುಕ್ತಿ. 350 ಗ್ರಾಂ ತೂಕವನ್ನು ಸರಿಪಾಲು ಮಾಡಿ ಮಧ್ಯದಿಂದ 3 ಸೆಂಟಿಮೀಟರು ದೂರದಲ್ಲಿಟ್ಟರೆ ಅದರ ಭ್ರಮಣ ಜಡತ್ವ, ಎಂದರೆ ತಿರುಗಿಸಲು ಬಂದ ಬಲಕ್ಕೆ ಅದು ಒಡ್ಡುವ ಪ್ರತಿರೋಧ, 3150 ಮಾನ. 5 ಸೆಂಟಿಮೀಟರಿಗೆ ಸರಿಸಿದರೆ 8750. ತೂಕ ಅದೇ. ಚೆಂಡು ಮಧ್ಯಕ್ಕೆ ತಾಗದೆ 2 ಸೆಂಟಿಮೀಟರು ಪಕ್ಕಕ್ಕೆ ತಾಗಿತೆನ್ನೋಣ. ಹತ್ತು ಮೀಟರು ಹೋಗಬೇಕಾದ ಚೆಂಡು ಮೊದಲನೆಯದರಲ್ಲಿ ಹೆಚ್ಚು ಕಡಮೆ ಒಂದು ಮೀಟರಿನಷ್ಟು ಈಚೆಗೇ ನಿಲ್ಲುವುದು, ಎರಡನೆಯದರಲ್ಲಿ 40 ಸೆಂಟಿಮೀಟರಿಗೂ ಕಡಮೆ. ಕೈ ಪಳಗದವನಿಗೆ ಅಗಲವಾದ ತಲೆಯ ಪಟ್ಟರನ್ನು ನಾವು ಸೂಚಿಸುವುದು ಈ ಕಾರಣದಿಂದಲೇ.

ದಂಡವು ತಲೆಗೆ ಎಲ್ಲಿ ಸೇರುತ್ತದೆಂಬುದೂ ಮುಖ್ಯ. 1904ರಲ್ಲಿ ಅಮೆರಿಕದ ವಾಲ್ಟರ್ ಟ್ರಾವಿಸ್ ದಂಡವನ್ನು ತಲೆಯ ನಡುವಿನ ಬಳಿ ನೆಟ್ಟ ಪಟ್ಟರನ್ನು ಹಿಡಿದು ಬ್ರಿಟನ್ನಿನ ಅಮೆಚೂರ್ ಚಾಂಪಿಯನ್‌ಷಿಪ್ ಗೆದ್ದ. 1910ರಲ್ಲಿ ಅಲ್ಲಿನ ನಿಯಮಕರ್ತರು ಅಂಥ ಪಟ್ಟರನ್ನೇ ನಿಷೇಧಿಸಿಬಿಟ್ಟರು. ನಿಷೇಧ ತೆರವಾಗಲು ನಾಲ್ಕು ದಶಕ ಹಿಡಿಯಿತು. ನಿಮ್ಮ ಪಟ್ಟರಿನ ಗುಣವನ್ನು ತಿಳಿಯಲು ದಂಡವನ್ನು ಅಡ್ಡಲಾಗಿ ಬೆರಳಿನ ಮೇಲೆ ತೂಗಿ ನಿಲ್ಲಿಸಿರಿ. ಮುಖ ಆಕಾಶವನ್ನು ನೋಡಿದರೆ ಗುರುತ್ವಕೇಂದ್ರವು ದಂಡದ ರೇಖೆಯ ನೇರ ಕೆಳಗಿದೆ. ಆಚೆಯ ತುದಿ ಕೆಳಕ್ಕೆ ಜೋತುಬಿದ್ದರೆ ಅದು ಪಕ್ಕಕ್ಕಿದೆ. ನೇರವಾಗಿ ಹಿಂದೆ ಮುಂದೆ ತೂಗುವವರು ಮೊದಲನೆಯದನ್ನೂ, ಕಮಾನಿನಂತೆ ತೂಗುವವರು ಎರಡನೆಯದನ್ನೂ ಆರಿಸುವುದು ವಾಡಿಕೆ.

ಹೊಸದನ್ನು ಕೊಳ್ಳುವ ಮುನ್ನ ಹಳೆಯದನ್ನೇ ತಿದ್ದಿಸಬಹುದೇ ಎಂದು ನೋಡಬೇಕು. ಮೆದು ಉಕ್ಕಿನ ಪಟ್ಟರಾದರೆ ಲೈ ಮತ್ತು ಲಾಫ್ಟ್‌ಗಳನ್ನು ಬಾಗಿಸಿ ಸರಿಪಡಿಸುವುದು ಸಾಧ್ಯ. ದಂಡವನ್ನು ಕತ್ತರಿಸುವುದೂ ಸುಲಭವೇ. ಆದರೆ ಗಿಡ್ಡವಾದಷ್ಟೂ ತಲೆ ಕೈಗೆ ಹಗುರವೆನಿಸುವುದರಿಂದ ಅಲ್ಲಿ ಒಂದಿಷ್ಟು ತೂಕ ಸೇರಿಸಬೇಕಾಗುತ್ತದೆ. ಆದುದರಿಂದ ಗರಗಸ ಹಿಡಿಯುವ ಮೊದಲು, ಕೈಗಳನ್ನು ಹಿಡಿಯ ಮೇಲೆ ಒಂದು ಅಂಗುಲ ಕೆಳಗಿಳಿಸಿಕೊಂಡು ಒಂದೆರಡು ವಾರ ಆಡಿ ನೋಡುವುದು ಲೇಸು.