ಮೂಕಪ್ರಾಣಿಗಳ ಚಿತ್ರಗಾರ್ತಿ ರೋಸಾ ಬೊನರ್

ಅಕ್ಷರಾಭ್ಯಾಸಕ್ಕೆಂದು ಕುಳ್ಳಿರಿಸಿದ ಮಗುವು ಹಲಗೆಯ ಮೇಲೆ ಅಕಾರವನ್ನು ತಿದ್ದುವುದನ್ನು ಬಿಟ್ಟು ಆಕಳನ್ನು ಬರೆದರೆ ನಾವೇನು ಮಾಡುವೆವು? ಹಲಗೆಯನ್ನು ಒರಸಿ, ಕಿವಿ ಹಿಂಡಿ, ಮತ್ತೆ ಅಕಾರವನ್ನೇ ಬರೆದುಕೊಡುವೆವು. ಉಪಾಧ್ಯಾಯನಾಗಿದ್ದಾಗ ನಾನೂ ಹಾಗೆಯೇ ಮಾಡಿದವನು. ಫ್ರಾನ್ಸ್ ದೇಶದ ಒಬ್ಬ ತಾಯಿಯು ಹಾಗೆ ಮಾಡಲಿಲ್ಲ. ಅದರ ಫಲವೇನಾಯಿತೆಂಬುದನ್ನು ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶವು.

ರೋಸಾ ಬೊನರ್ ೧೮೨೨ನೆಯ ಇಸವಿಯಲ್ಲಿ ಬೋರ್ಡೋ ಪಟ್ಟಣದಲ್ಲಿ ಜನಿಸಿದಳು. ತಂದೆಯಾದ ರೇಮಂಡನು ಚಿತ್ರಕಲೆಯನ್ನು ಕಲಿಸಿ ಜೀವಿಸುತ್ತಿದ್ದನು. ತಾಯಿಯಾದ ಸೋಫಿಯು ಸಂಗೀತವನ್ನು ಹೇಳಿಕೊಡುತ್ತಿದ್ದಳು. ಮಗುವಿಗೆ ಓದುಬರಹವೆಂದರೆ ಬೇಸರ. ಸೀಸದಕಡ್ಡಿ ಸಿಕ್ಕಿದರೆ ಮಾತ್ರ ಪ್ರಾಣಿಗಳ ಚಿತ್ರವನ್ನು ಬರೆಯುತ್ತ ಹೊತ್ತು ಹೋದುದನ್ನೇ ಅರಿಯದು. ಇದನ್ನು ಕಂಡ ತಾಯಿಯು, ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಾಣಿಯನ್ನು ಆರಿಸಿ ಅದರ ಚಿತ್ರವನ್ನು ಬರೆಯೆಂದು ಮಗಳಿಗೆ ಹೇಳಿದಳು. ದಂಡನೆಗೆ ಬಗ್ಗದ ಮಗು ಹೀಗೆ ಓದಲು ಕಲಿತಿತು. ಆದರೆ ಮಗಳ ಏಳಿಗೆಯನ್ನು ಕಾಣುವ ಭಾಗ್ಯ ಆ ತಾಯಿಗಿರಲಿಲ್ಲ. ಬಡತನದ ಸಂಸಾರವನ್ನು ತೂಗಿಸುತ್ತ ಬಳಲಿ, ೧೮೩೩ರಲ್ಲಿ ಆಕೆ ತೀರಿಕೊಂಡಳು. ಆಗ ರೋಸಾಳಿಗೆ ೧೧ ವರ್ಷ.

ತಂದೆಯು ಮಗಳನ್ನು ಹೊಲಿಗೆ ಕಲಿಯಲು ಕಳುಹಿದನು. ಅಲ್ಲಿ ಆಕೆಯ ಮನಸ್ಸು ನಿಲ್ಲಲಿಲ್ಲ. ಪಾಠಶಾಲೆಗೆ ಸೇರಿಸಿದನು, ತುಂಟತನಕ್ಕಾಗಿ ಅಲ್ಲಿಂದಲೂ ಹೊರಬಿದ್ದಳು. ಕಡೆಗೆ ಆತನು ಸೋತು, ತನ್ನ ಬಳಿಯಲ್ಲಿಯೇ ಚಿತ್ರಕಲೆಯನ್ನು ಕಲಿಸತೊಡಗಿದನು. ಆಮೇಲೆ ಈ ಹುಡುಗಿಯ ಶ್ರದ್ಧೆಗೆ ಎಣೆಯಿಲ್ಲದಾಯಿತು. ಪ್ಯಾರಿಸ್ಸಿನ ಎತ್ತರದ ಮಹಡಿಯ ಮನೆಯಲ್ಲಿ ಕುರಿಯನ್ನು ಸಾಕಿದಳು. ಅದನ್ನು ಮೇಯಿಸಲು ತಮ್ಮನು ಹೆಗಲ ಮೇಲೆ ಹೊತ್ತು ಕೆಳಗಿಳಿಸುವನು. ಮೂಳೆ, ಸ್ನಾಯುಗಳ ಕಟ್ಟನ್ನು ತಿಳಿಯಲು ಕಸಾಯಿಖಾನೆಗೂ ಹೋಗಿ, ಅಸಹ್ಯವನ್ನು ನುಂಗಿಕೊಂಡು ಚಿತ್ರ ಬರೆದಳು. ೧೮೪೧ರ ಪ್ಯಾರಿಸ್ ಪ್ರದರ್ಶನದಲ್ಲಿ ಆಕೆಯ ಮೊಲಗಳ ಚಿತ್ರಕ್ಕೆ ಸ್ಥಳ ದೊರೆಯಿತು.

ಕೀರ್ತಿಯನ್ನು ತಂದುದು ೧೮೪೯ರ ‘ನಿವೆರ್ನೇ ಪ್ರಾಂತದ ಉಳುಮೆ’. ಆರಾರು ಎತ್ತುಗಳ ಎರಡು ಸಾಲುಗಳು ನೇಗಿಲನ್ನೆಳೆಯುತ್ತ ದಿಣ್ಣೆಯನ್ನೇರುತ್ತಿವೆ. ಮುಂಭಾಗದಲ್ಲಿ ಆಗತಾನೆ ಮಗುಚಿದ ಮಣ್ಣಿನ ಹೆಂಟೆಗಳು. ಉಳುವ ಮನುಷ್ಯರು ಎತ್ತುಗಳ ಮರೆಯಲ್ಲಿ ಅಲ್ಪರಾಗಿ ಕಾಣುವರು. ಒಂದು ಎತ್ತು ಮಾತ್ರ ದೊಡ್ಡ ಕಣ್ಣುಗಳಿಂದ ನೋಡುವವರನ್ನೇ ನೋಡುತ್ತಿದೆ. ದುಡಿಯುವವರು ಯಾರೆಂಬುದನ್ನು ಹೇಳಲು ಬೇರೆ ಮಾತು ಬೇಕಿಲ್ಲ.

ಮುಂದೆ ‘ಕುದುರೆಯ ಸಂತೆ’ಯೆಂಬ ಚಿತ್ರಕ್ಕಾಗಿ ಸುಮಾರು ಒಂದೂವರೆ ವರ್ಷ ವಾರಕ್ಕೆರಡು ಸಲ ಸಂತೆಗೆ ಹೋದಳು. ದಲ್ಲಾಳಿಗಳ ಗದ್ದಲದ ನಡುವೆ ಹೆಂಗಸು ನಿಂತು ಚಿತ್ರ ಬರೆಯುವುದು ಸುಲಭವಲ್ಲವೆಂದು ಗಂಡಸಿನ ಉಡುಪನ್ನು ಧರಿಸಿದಳು. ಆ ಕಾಲದಲ್ಲಿ ಇದಕ್ಕೆ ಪೋಲೀಸಿನವರ ಅನುಮತಿ ಬೇಕಾಗಿತ್ತು. ೧೮೫೩ರಲ್ಲಿ ಪ್ರದರ್ಶಿತವಾದ ಈ ಚಿತ್ರದ ಎತ್ತರ ಸುಮಾರು ೮ ಅಡಿ, ಉದ್ದ ೧೬ ಅಡಿಗೂ ಹೆಚ್ಚು. ಇದೀಗ ಅದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಉಳುಮೆಯ ಚಿತ್ರವು ಪ್ಯಾರಿಸ್ಸಿನ ಓರ್ಸೇ ಸಂಗ್ರಹಾಲಯದಲ್ಲಿದೆ.

ಬಳಿಕ ಆಕೆ ಫಾಂಟೆನ್‌ಬ್ಲೋ ಕಾಡಿನ ಅಂಚಿನ ಬೀ ಎಂಬ ಊರಿನಲ್ಲಿ ನೆಲಸಿ, ಕುರಿ, ಕುದುರೆಗಳಲ್ಲದೆ ಸಿಂಹಗಳನ್ನೂ ಸಾಕಿದಳು. ೧೮೬೫ರಲ್ಲಿ ಚಕ್ರವರ್ತಿನಿ ಯೂಜನಿಯು ತಾನೇ ಅಲ್ಲಿಗೆ ಬಂದು ‘ಲೀಜನ್ ಆಫ್ ಆನರ್’ ಪದಕವನ್ನಿತ್ತಳು. ಸ್ತ್ರೀಯರಲ್ಲಿ ಕಲೆಗಾಗಿ ಈ ಗೌರವವನ್ನು ಪಡೆದವಳು ಈಕೆಯೇ ಮೊದಲು. ೧೮೯೯ರಲ್ಲಿ ಕಾಲವಾದಳು.

ನಮ್ಮ ಆಲಂಕಾರಿಕರು ಮಕ್ಕಳ, ಮೃಗಗಳ ಸಹಜವಾದ ಚೇಷ್ಟೆಯನ್ನೂ ರೂಪವನ್ನೂ ಇದ್ದಂತೆಯೇ ವರ್ಣಿಸುವುದನ್ನು ಸ್ವಭಾವೋಕ್ತಿಯೆಂದು ಕರೆದಿದ್ದಾರೆ. ಓದುವವನಿಗೆ ಅದು ಸುಲಭವಾಗಿ ತೋರುವುದು. ಬರೆಯುವವನಿಗೆ ಅದರಷ್ಟು ಕಠಿನವಾದುದು ಮತ್ತೊಂದಿಲ್ಲ. ಬಹುಕಾಲ ಪ್ರೀತಿಯಿಂದ ನೋಡಿದವನಿಗಲ್ಲದೆ ಅದು ಒಲಿಯದು. ರೋಸಾಳದು ಬಣ್ಣಗಳ ಸ್ವಭಾವೋಕ್ತಿ.

ಆಕೆ ಹಾಗೆ ನೋಡಿದುದು ಪ್ರಾಣಿಗಳನ್ನು. ಆಕೆಯ ತಾಯಿ ಅದಕ್ಕೆ ಮೊದಲೇ ಹಾಗೆ ನೋಡಿದುದು ಮಗಳನ್ನು. ನಾನು ಒರಸಿದ ಹಲಗೆಗಳ ಲೆಕ್ಕ ನನಗಿಲ್ಲ. ಗೃಹಸ್ಥರೇ, ನಿಮ್ಮ ಮನೆಯ ಮಗು ನಾಳೆ ಆಕಳನ್ನು ಬರೆದರೆ, ಒರಸುವ ಮುನ್ನ ಒಂದು ಕ್ಷಣ ನೋಡಿರಿ.