ಕೇಪು ಸಿಡಿಯೋದು ಹೇಗೆ?

ದೀಪಾವಳಿಗೆ ಆಟದ ಪಿಸ್ತೂಲಲ್ಲಿ ಕೇಪು ಹೊಡೆದಿರುತ್ತೀರಿ. ಕಡ್ಡಿ ಗೀರಲಿಲ್ಲ, ಬತ್ತಿ ಹಚ್ಚಲಿಲ್ಲ, ಆದರೂ ಚಟ್ ಅಂತ ಸಿಡಿಯಿತು. ಬೆಂಕಿ ಎಲ್ಲಿಂದ ಬಂತು?

ಬೆಂಕಿಪೆಟ್ಟಿಗೆ ನೋಡಿ. ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದೆ, ಪೆಟ್ಟಿಗೆಯ ಪಕ್ಕದ ಪಟ್ಟಿಯಲ್ಲಿ ಕೆಂಪು ರಂಜಕ ಇದೆ. ಎರಡೂ ಬೇರೆ ಬೇರೆ ಇರೋದರಿಂದಲೇ ಪೆಟ್ಟಿಗೆಯನ್ನು ಜೇಬಲ್ಲಿಟ್ಟುಕೊಂಡು ಓಡಾಡಬಹುದು. ಕೇಪಿನಲ್ಲಿ ಇವೆರಡೂ ಒಂದೇ ಚುಕ್ಕೆಯೊಳಗೆ ಸೇರಿವೆ. ಪೆಟ್ಟು ಬಿದ್ದಾಗ ಕಣಗಳು ಉಜ್ಜಿ, ಆ ಜಾಗ ಕ್ಷಣದಲ್ಲಿ ಕಾದು ಹೊತ್ತಿಕೊಳ್ಳುತ್ತೆ. ಉರಿಯಲು ಬೇಕಾದ ಆಮ್ಲಜನಕ ಕ್ಲೋರೇಟಿನಲ್ಲೇ ಇದೆ, ಗಾಳಿಗಾಗಿ ಕಾಯಬೇಕಿಲ್ಲ.

ಕೋವಿಗೆ ಈ ಉಪಾಯ ತಂದವರು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್. 1807ರಲ್ಲಿ ಪೇಟೆಂಟ್ ಪಡೆದರು. ಚಕಮಕಿ ಕಲ್ಲಿನ ಕೋವಿಯ ಕಿಡಿ ಕಂಡು ಹಕ್ಕಿಗಳು ಹಾರಿಹೋಗುತ್ತಿದ್ದವಂತೆ!

ಇವತ್ತಿನ ರಿವಾಲ್ವರ್ ತೋಟಾದ ತಳದಲ್ಲೂ ಅಂಥದೇ ಪುಟ್ಟ ಲೋಹದ ಬಟ್ಟಲು ಇದೆ. ಹೆಸರು ಪ್ರೈಮರ್. ಅದರಲ್ಲಿ ಸಾಮಾನ್ಯ, ಮ್ಯಾಗ್ನಂ ಎಂದು ಎರಡು ಬಗೆ. ಯಾಕೆ ಎರಡು? ತಾಳವಾಡಿಯ ಮಳೆಗಾಲದ ಬೆಳಿಗ್ಗೆ ಒಲೆ ಹಚ್ಚೋದನ್ನು ನೆನೆಸಿಕೊಳ್ಳಿ. ಒಣ ಪುರಳೆಗೆ ಒಂದು ಕಡ್ಡಿ ಸಾಕು. ತೇವದ ದಪ್ಪ ಸೌದೆಗೆ ಒಂದು ಹಿಡಿ ತೆಂಗಿನ ಗರಿ ಉರಿಸಬೇಕು. ಹಾಗೆಯೇ ಬೇಗ ಉರಿಯುವ ಸ್ವಲ್ಪ ಮದ್ದಿಗೆ ಸಾಮಾನ್ಯ ಪ್ರೈಮರ್ ಸಾಕು. ನಿಧಾನ ಉರಿಯುವ, ಹೆಚ್ಚು ಮದ್ದಿಗೆ, ಅದರಲ್ಲೂ ಕೊರೆಯುವ ಚಳಿಯಲ್ಲಿ, ಹೆಚ್ಚು ಬಿಸಿಯಾದ, ತುಸು ಹೆಚ್ಚು ಹೊತ್ತು ನಿಲ್ಲುವ ಜ್ವಾಲೆ ಬೇಕು. ಅದೇ ಮ್ಯಾಗ್ನಂ. ಹೊರಗಿನ ಅಳತೆ ಒಂದೇ, ಆದರೆ ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ಒತ್ತಡವೇ ಬದಲಾಗುತ್ತೆ. ಒಲೆಯಲ್ಲಾದರೆ ಹೊಗೆ ಬಂದೀತು, ಇಲ್ಲಿ ಕೋವಿಯೇ ಒಡೆದೀತು.

ಪೆಟ್ಟು ಬಿದ್ದರೂ ಸಿಡಿಯದ ಕೇಪು ಸತ್ತಿದೆ ಅಂತಲ್ಲ. ಕೆಲವು ಸಲ ತಡವಾಗಿ ಹೊತ್ತಿಕೊಳ್ಳುತ್ತೆ. ಅದನ್ನು ಬಿಚ್ಚಿ, ಮದ್ದು ಕೆರೆದು ಕೂಡಿಸೋ ಆಟ ಬೇಡವೇ ಬೇಡ. ಉಗುರಿನ ಉಜ್ಜೂ ಅದಕ್ಕೆ ಸಾಕಾದೀತು.

ನಮ್ಮದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಅಂಚು, ಅದಕ್ಕೇ ಇನ್ನೊಂದು ಮಾತು. ಕಾಡುಹಂದಿಗೆ ಅಂತ ಕೆಲವರು ಇಡುವ ಸಿಡಿಮದ್ದಿನ ಉಂಡೆಗೂ ಬತ್ತಿ ಇರೋದಿಲ್ಲ. ದವಡೆಯ ಒತ್ತಡವೇ ಅಲ್ಲಿ ಕೋವಿಯ ಸುತ್ತಿಗೆ. ಹಂದಿಯ ದವಡೆ, ಹಸುವಿನ ದವಡೆ ಅನ್ನೋ ಭೇದ ಅದಕ್ಕಿಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಹೀಗೆ ಬಾಯಿ ಒಡೆದುಕೊಂಡು, ನೋವಿಗೆ ನದಿಯ ನೀರಲ್ಲೇ ನಿಂತು ಸತ್ತಿತು. ದನ ಮೇಯಿಸುವಾಗ ದಾರ ಸುತ್ತಿದ ಉಂಡೆ ಕಂಡರೆ ಕೋಲಿಂದಲೂ ತಟ್ಟಬೇಡಿ. ದನಗಳನ್ನು ಹಿಂದಕ್ಕೆ ಹೊಡೆದು, ದೊಡ್ಡವರಿಗೂ ಅರಣ್ಯ ಇಲಾಖೆಯವರಿಗೂ ಜಾಗ ತಿಳಿಸಿ.