ಮೆಗಾಬಿಟ್, ಮೆಗಾಬೈಟ್: ರೈತರು ತಿಳಿದಿರಬೇಕಾದ ಒಂದು ಲೆಕ್ಕ



ಗುಂಟೆ ಎಷ್ಟು, ಎಕರೆ ಎಷ್ಟು ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 40 ಗುಂಟೆ ಸೇರಿದರೆ ಒಂದು ಎಕರೆ. 20 ಗುಂಟೆ ಜಮೀನನ್ನು 20 ಎಕರೆ ಎಂದು ಯಾರಾದರೂ ಮಾರಲು ಬಂದರೆ ಹಳ್ಳಿಯ ಹುಡುಗರೂ ನಗುವರು. ಆದರೆ ಇಂಟರ್‌ನೆಟ್ಟಿನ ವೇಗದ ವಿಷಯದಲ್ಲಿ ಇಂಥದೇ ತಪ್ಪನ್ನು ತಿಳಿದವರೂ ಮಾಡುವುದುಂಟು. ಇದರಿಂದ ಹಣವೂ ಹೊತ್ತೂ ಹಾಳು. ಬೆಳೆ ವಿಮೆಯಂಥ ಕೆಲಸದಲ್ಲಿ ಗಡುವೇ ತಪ್ಪಬಹುದು. ಆದ್ದರಿಂದ ಈ ಸಣ್ಣ ಲೆಕ್ಕವನ್ನು ಅರಿತಿರುವುದು ಒಳ್ಳೆಯದು.

ಬಿಟ್ ಎಂದರೇನು? ಬೈಟ್ ಎಂದರೇನು?

ಫೋನು, ಕಂಪ್ಯೂಟರುಗಳು ಚಿತ್ರ, ಮಾತು, ಬರಹ ಎಲ್ಲವನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳಲ್ಲಿ ಇಡುತ್ತವೆ. ಇಂಥ ಒಂದು ಅಂಕೆಗೆ ಬಿಟ್ ಎಂದು ಹೆಸರು. 8 ಬಿಟ್ ಸೇರಿದರೆ ಒಂದು ಬೈಟ್. ಸಾವಿರಕ್ಕೆ ಕಿಲೋ, ಹತ್ತು ಲಕ್ಷಕ್ಕೆ ಮೆಗಾ, ನೂರು ಕೋಟಿಗೆ ಗಿಗಾ ಎನ್ನುವರು. ತೂಕದ ಕಿಲೋಗ್ರಾಮಿನಲ್ಲಿರುವ ಕಿಲೋ ಎಂಬ ಮಾತೇ ಇಲ್ಲಿಯೂ ಬಂದಿದೆ.

ತೊಡಕು ಇರುವುದು ಇಲ್ಲಿ: ಕಂಪನಿಯವರು ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ. ಚಿತ್ರ, ವಿಡಿಯೋಗಳ ಗಾತ್ರವನ್ನು ಫೋನು ಬೈಟ್‌ನಲ್ಲಿ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಬಿಟ್‌ಗೆ ಸಣ್ಣ 'ಬಿ' ಅಕ್ಷರ, ಬೈಟ್‌ಗೆ ದೊಡ್ಡ 'ಬಿ' ಅಕ್ಷರ. ಇಷ್ಟೇ ಗುರುತು. ಅದನ್ನು ನೋಡದೆ ಓದಿದರೆ ಲೆಕ್ಕ ಎಂಟು ಪಟ್ಟು ತಪ್ಪುವುದು.

ಲೆಕ್ಕ ಮಾಡುವ ರೀತಿ

ಬಿಟ್‌ನಿಂದ ಬೈಟ್‌ಗೆ ಬರಬೇಕಾದರೆ 8ರಿಂದ ಭಾಗಿಸಿ. ಬೈಟ್‌ನಿಂದ ಬಿಟ್‌ಗೆ ಹೋಗಬೇಕಾದರೆ 8ರಿಂದ ಗುಣಿಸಿ. ಒಂದು ಸೆಕೆಂಡಿಗೆ:

2 ಮೆಗಾಬಿಟ್ ಎಂದರೆ 250 ಕಿಲೋಬೈಟ್
10 ಮೆಗಾಬಿಟ್ ಎಂದರೆ 1.25 ಮೆಗಾಬೈಟ್
40 ಮೆಗಾಬಿಟ್ ಎಂದರೆ 5 ಮೆಗಾಬೈಟ್
100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್

ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಮೆಗಾಬಿಟ್ ವೇಗವಿರಬೇಕೆಂದು ಕೇಂದ್ರ ಸರ್ಕಾರವು 2023ರಲ್ಲಿ ಗೊತ್ತುಮಾಡಿತು. ಗ್ರಾಮ ಪಂಚಾಯಿತಿಗಳಿಗೆ ಭಾರತ್‌ನೆಟ್ ಯೋಜನೆಯು ಇಟ್ಟುಕೊಂಡ ಗುರಿ 100 ಮೆಗಾಬಿಟ್. ಈ 100ನ್ನು ಒಂದೇ ಹೊತ್ತಿಗೆ 20 ಮಂದಿ ಸಮನಾಗಿ ಹಂಚಿಕೊಂಡರೆ ತಲೆಗೆ 5 ಮೆಗಾಬಿಟ್ ಮಾತ್ರ ಎಂಬುದನ್ನೂ ನೆನಪಿಡಬೇಕು. ಒಂದೇ ಕಾಲುವೆಗೆ ಹಲವು ತೂಬು ತೆಗೆದಂತೆ ಇದು.

ಆಲಿಕಲ್ಲು ಬಿದ್ದ ದಿನ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆಯಿಂದಾದ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕು. ಹಾಳಾದ ಬೆಳೆಯ 60 ಮೆಗಾಬೈಟ್ ವಿಡಿಯೋವನ್ನು ಒಬ್ಬ ರೈತ ಕಳುಹಿಸುತ್ತಾನೆ ಎನ್ನೋಣ. ಕಳುಹಿಸುವ ವೇಗ 2 ಮೆಗಾಬಿಟ್. 60ನ್ನು 2ರಿಂದ ಭಾಗಿಸಿ, 30 ಸೆಕೆಂಡು ಸಾಕೆಂದು ಅವನು ತಿಳಿಯುತ್ತಾನೆ. ಒಂದು ನಿಮಿಷವಾದರೂ ಮುಗಿಯದಿದ್ದಾಗ, ಕೆಟ್ಟಿತೆಂದು ಅರ್ಧಕ್ಕೇ ನಿಲ್ಲಿಸಿ ಮೊದಲಿನಿಂದ ಶುರುಮಾಡುತ್ತಾನೆ. ಹೀಗೆ ಎಷ್ಟು ಸಲ ಮಾಡಿದರೂ ಅದು ಹೋಗುವುದಿಲ್ಲ.

ಸರಿಯಾದ ಲೆಕ್ಕ ಇದು: 60ನ್ನು 8ರಿಂದ ಗುಣಿಸಿದರೆ 480 ಮೆಗಾಬಿಟ್. ಅದನ್ನು 2ರಿಂದ ಭಾಗಿಸಿದರೆ 240 ಸೆಕೆಂಡು, ಅಂದರೆ 4 ನಿಮಿಷ. ಇದು ತಿಳಿದವನು ಫೋನನ್ನು ಸುಮ್ಮನೆ ಇಟ್ಟು ಕಾಯುವನು. ವಿಡಿಯೋ ಬದಲು ಚಿತ್ರಗಳು ಸಾಕಾಗುವಲ್ಲಿ ಇನ್ನೂ ಬೇಗ ಮುಗಿಯುವುದು. 4 ಮೆಗಾಬೈಟ್ ಚಿತ್ರಕ್ಕೆ ಹಿಡಿಯುವುದು 16 ಸೆಕೆಂಡು.

ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೆ ಗಾಬರಿ ಬೇಡ. ಕಾಗದದ ಮೇಲೆ ವಿಳಾಸ ಬರೆಯುವಂತೆ, ಕಳುಹಿಸುವ ಪ್ರತಿ ತುಣುಕಿನ ಜೊತೆಗೂ ವಿಳಾಸದ ಬಿಟ್‌ಗಳು ಹೋಗುತ್ತವೆ. ಎಲ್ಲರೂ ಬಳಸುವ ಸಂಜೆಯ ಹೊತ್ತಿನಲ್ಲಿ ವೇಗವೂ ತಗ್ಗಬಹುದು.

ಹಣ ಕೊಡುವ ಮೊದಲು ಕೇಳಿ

ಮನೆಗೆ ಹೊಸ ಸಂಪರ್ಕ ತೆಗೆದುಕೊಳ್ಳುವವರು ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳತಕ್ಕದ್ದು. ಹೇಳುತ್ತಿರುವ ವೇಗ ಬಿಟ್‌ನಲ್ಲೋ, ಬೈಟ್‌ನಲ್ಲೋ? ಅದು ಇಳಿಸಿಕೊಳ್ಳುವ ವೇಗವೋ, ಕಳುಹಿಸುವ ವೇಗವೋ? ತಿಂಗಳಿಗೆ ಎಷ್ಟು ಗಿಗಾಬೈಟ್ ದಾಟಿದ ಮೇಲೆ ವೇಗ ಇಳಿಯುತ್ತದೆ? ಉತ್ತರವನ್ನು ಬರೆದಿಟ್ಟುಕೊಂಡು, ಮನೆಯಲ್ಲಿ ಓದುವ ಮಕ್ಕಳಿಂದ 8ರ ಲೆಕ್ಕ ಹಾಕಿಸಿ ನೋಡಿ. ಅಳತೆ ತಿಳಿದು ಕೊಂಡವನು ಮೋಸಹೋಗನು.